ಕಂಪನಿಗಳ ಸುಸ್ಥಿರತಾ ವಿಭಾಗದ ನೌಕರಿ: ಒಳಗಿದ್ದವರು ಇದ್ದುದನ್ನು ಇದ್ದಂತೆ ಹೇಳುವಿರಾ?

ಕಲ್ಪತರು ನಾಡಿನವಳು:

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ನನ್ನ ಊರು ತಿಪಟೂರಿನ ಹತ್ತಿರದ ಹಳ್ಳಿ. ತೋಟದ ಕೊಳವೆಬಾವಿಗಳು ಒಂದರ ಹಿಂದೆ ಒಂದು ಬತ್ತುವುದನ್ನು, ಅಪ್ಪ ಪ್ರತಿಸಲವೂ ಮೊದಲಿಗಿಂತ ಆಳಕ್ಕೆ ಕೊರೆಸುವುದನ್ನು ನೋಡುತ್ತ ಬೆಳೆದವಳು. ಆ ಕಾರಣಕ್ಕೋ ಏನೋ, ಮಾಡುವ ಕೆಲಸಕ್ಕೂ ನೆಲ ನೀರಿಗೂ ಏನಾದರೂ ನಂಟಿರಬೇಕು ಎಂಬ ಹಂಬಲ ಇತ್ತೀಚೆಗೆ ಬಲವಾಗಿದೆ. ಕಂಪನಿಗಳ ಸುಸ್ಥಿರತಾ ವಿಭಾಗದಲ್ಲಿ, ಅಂದರೆ ಎಲ್ಲರೂ ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಎಂದು ಕರೆಯುವ ಕ್ಷೇತ್ರದಲ್ಲಿ, ಕೆಲಸ ಹುಡುಕಬೇಕೆಂದಿದ್ದೇನೆ. ಒಂದು ವರ್ಷದ ಡಿಪ್ಲೊಮಾ ಕೋರ್ಸಿನವರು ನಾಲ್ಕು ಲಕ್ಷ ರೂಪಾಯಿ ಶುಲ್ಕ ಹೇಳಿ, ಮುಗಿಸಿದ ಕೂಡಲೇ ಕೆಲಸ ಖಚಿತವೆಂಬಂತೆ ಮಾತನಾಡುತ್ತಿದ್ದಾರೆ.

ಈ ವಿಭಾಗದವರು ಬೆಳಿಗ್ಗೆಯಿಂದ ಸಂಜೆಯವರೆಗೆ ನಿಜವಾಗಿ ಮಾಡುವುದೇನು, ಕಂಪನಿಗಳಿಗೆ ಇದರಲ್ಲಿ ಮನಸ್ಸಿದೆಯೇ ಅಥವಾ ಇದು ಬರೀ ತೋರಿಕೆಯೇ, ಆ ಡಿಪ್ಲೊಮಾಕ್ಕೆ ಹಣ ಹಾಕುವುದು ಜಾಣತನವೇ ಎಂಬುದನ್ನು ಒಳಗಿದ್ದವರಿಂದ ಕೇಳಬಯಸುತ್ತೇನೆ. ಸಂಬಳ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. ಆದರೆ ಮನೆಯ ಸಾಲದ ಕಂತು ಇನ್ನೂ ನಾಲ್ಕು ವರ್ಷ ಬಾಕಿ ಇದೆ.

ಪೀಣ್ಯದ ಬಾಯ್ಲರ್:

ಬೆಳಿಗ್ಗೆಯಿಂದ ಸಂಜೆಯವರೆಗೆ ನಾವು ಮಾಡುವುದು ಬಿಲ್ಲು ಕೇಳುವ ಕೆಲಸ. ವಿದ್ಯುತ್ ಬಿಲ್ಲು, ಡೀಸೆಲ್ ಬಿಲ್ಲು, ನೀರಿನ ಟ್ಯಾಂಕರಿನ ಚೀಟಿ, ಗುಜರಿಯವನು ಒಯ್ದ ತಗಡಿನ ತೂಕದ ರಸೀದಿ, ಎಸಿ ರಿಪೇರಿಯವನು ತುಂಬಿದ ಅನಿಲದ ಲೆಕ್ಕ. ಹಾಸ್ಯಕ್ಕೆ ಹೇಳುತ್ತಿಲ್ಲ. ಟ್ಯಾಂಕರಿನ ಚೀಟಿಯಲ್ಲಿ ‘ಒಂದು ಲೋಡು’ ಎಂದಷ್ಟೇ ಬರೆದಿರುತ್ತದೆ. ಆ ಲೋಡು ಆರು ಸಾವಿರ ಲೀಟರಿನದೋ ಹನ್ನೆರಡು ಸಾವಿರದ್ದೋ ಎಂದು ತಿಳಿಯಲು ಗೇಟಿನ ಕಾವಲುಗಾರನನ್ನೂ ಟ್ಯಾಂಕರಿನ ಚಾಲಕನನ್ನೂ ಹಿಡಿದು ಮಾತನಾಡಿಸಬೇಕು. ವರ್ಷದ ಕೊನೆಗೆ ಕಂಪನಿಯ ವರದಿಯಲ್ಲಿ ‘ಒಟ್ಟು ನೀರಿನ ಬಳಕೆ’ ಎಂದು ಅಚ್ಚಾಗುವ ಅಂಕಿಯ ಹಿಂದೆ ಇಂಥ ನೂರು ಮಾತುಕತೆಗಳಿರುತ್ತವೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಸೇರಿದವನು. ಆಮೇಲೆ ಸುರಕ್ಷತೆ ಮತ್ತು ಪರಿಸರದ ಕೆಲಸ ಹೆಗಲಿಗೆ ಬಿತ್ತು: ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ನವೀಕರಣ, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ, ಶುದ್ಧೀಕರಣ ಘಟಕದ ನೀರಿನ ಪರೀಕ್ಷಾ ವರದಿ. 2022ರಲ್ಲಿ ಒಂದು ಸೋಮವಾರ ಹೋಗಿ ನೋಡಿದರೆ ನನ್ನ ಕುರ್ಚಿ, ಮೇಜು, ಸಂಬಳ ಎಲ್ಲವೂ ಹಾಗೆಯೇ ಇದ್ದವು, ಬಾಗಿಲಿನ ಫಲಕ ಮಾತ್ರ ಬದಲಾಗಿ ನಾನು ‘ಸುಸ್ಥಿರತಾ ವ್ಯವಸ್ಥಾಪಕ’ನಾಗಿದ್ದೆ. ಕಾರಣ ಸರಳವಾಗಿತ್ತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಲಿಸ್ಟೆಡ್ ಕಂಪನಿಗಳು 2022-23ರ ಆರ್ಥಿಕ ವರ್ಷದಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಆದೇಶಿಸಿತ್ತು, ನಮ್ಮ ಮಾಲೀಕ ಕಂಪನಿ ಆ ಪಟ್ಟಿಯಲ್ಲಿತ್ತು. ಈ ಕ್ಷೇತ್ರಕ್ಕೆ ಬಂದವರಲ್ಲಿ ನನ್ನಂತೆ ಫಲಕ ಬದಲಾಗಿ ಬಂದವರು ಎಷ್ಟು ಮಂದಿ ಇದ್ದಾರೆಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಹೊಸಬರಿಗೆಂದು ಖಾಲಿ ಬಿಟ್ಟ ಕುರ್ಚಿಗಳು ಜಾಹೀರಾತು ಹೇಳುವಷ್ಟು ಇಲ್ಲ.

ಇನ್ನು ಮನಸ್ಸಿನ ವಿಷಯ. ನಮ್ಮ ಕಾರ್ಖಾನೆಯಲ್ಲಿ ಬಣ್ಣದ ಯಂತ್ರಗಳಿಗೆ ಹೋದ ಹಬೆ ತಣಿದು ಬಿಸಿನೀರಾಗಿ ಚರಂಡಿ ಸೇರುತ್ತಿತ್ತು. ಆ ನೀರನ್ನು ಬಾಯ್ಲರಿಗೆ ಮರಳಿಸಿದರೆ ಒಳಹೋಗುವ ನೀರು 45 ಡಿಗ್ರಿಯಿಂದ 85ಕ್ಕೆ ಏರುತ್ತಿತ್ತು. ಬಾಯ್ಲರಿಗೆ ಹೋಗುವ ನೀರಿನ ಉಷ್ಣತೆ 6 ಡಿಗ್ರಿ ಹೆಚ್ಚಿದರೆ ಇಂಧನದಲ್ಲಿ ಸುಮಾರು ಶೇ. 1ರಷ್ಟು ಉಳಿಯುತ್ತದೆ ಎಂಬುದು ಬಾಯ್ಲರ್ ಮನೆಯವರೆಲ್ಲ ಬಲ್ಲ ಲೆಕ್ಕ. ಅಂದರೆ ಇಲ್ಲಿ ಶೇ. 6ಕ್ಕೂ ಹೆಚ್ಚು. ಇಂಗಾಲದ ಕಡಿತ, ಭೂಮಿಯ ಭವಿಷ್ಯ ಎಂದೆಲ್ಲ ಬರೆದು ಎರಡು ವರ್ಷ ಪ್ರಸ್ತಾವ ಕಳಿಸಿದೆ, ಎರಡು ವರ್ಷವೂ ‘ಮುಂದಿನ ಬಜೆಟ್ಟಿನಲ್ಲಿ ನೋಡೋಣ’ ಎಂದು ಮರಳಿ ಬಂತು. ಮೂರನೆಯ ವರ್ಷ ಇಂಗಾಲದ ಹೆಸರೇ ಎತ್ತದೆ, ಪೈಪು ಮತ್ತು ಪಂಪಿನ ಖರ್ಚು ಇಷ್ಟು, ಇಂಧನದ ಉಳಿತಾಯ ಇಷ್ಟು, ಹದಿನಾಲ್ಕು ತಿಂಗಳಿಗೆ ಹಾಕಿದ ಹಣ ವಾಪಸು ಎಂದು ಒಂದೇ ಪುಟದಲ್ಲಿ ಬರೆದುಕೊಟ್ಟಾಗ ಹಣಕಾಸು ವಿಭಾಗದ ಮುಖ್ಯಸ್ಥರು ಅಲ್ಲೇ ಸಹಿ ಹಾಕಿದರು. ಮರುವರ್ಷದ ವರದಿಯಲ್ಲಿ ಅದೇ ಪೈಪಿನ ಚಿತ್ರ ‘ಪರಿಸರದ ಕುರಿತ ನಮ್ಮ ಬದ್ಧತೆ’ ಎಂಬ ಶೀರ್ಷಿಕೆಯ ಕೆಳಗೆ ಬಂತು. ಇದನ್ನು ಕಪಟ ಎನ್ನುವಿರಾದರೆ ಎನ್ನಿ. ಚರಂಡಿ ಸೇರುತ್ತಿದ್ದ ಬಿಸಿನೀರು ನಿಂತಿದ್ದಂತೂ ನಿಜ.

ಈ ನೌಕರಿಯ ಕಷ್ಟವೂ ಅದೇ ಕಥೆಯಲ್ಲಿದೆ. ಗುರಿಯ ಜವಾಬ್ದಾರಿ ನಮ್ಮ ಹೆಸರಿನಲ್ಲಿ ಇರುತ್ತದೆ, ಆದರೆ ವಾಲ್ವು ತಿರುಗಿಸುವವನು ಉತ್ಪಾದನಾ ವಿಭಾಗದವನು, ಹಣ ಬಿಡುಗಡೆ ಮಾಡುವವನು ಇನ್ನೊಬ್ಬ. ಯಾರ ಮೇಲೂ ಅಧಿಕಾರವಿಲ್ಲದೆ ಎಲ್ಲರಿಂದಲೂ ಕೆಲಸ ಮಾಡಿಸಿಕೊಳ್ಳುವ ಸಹನೆ ಇಲ್ಲದವರು ಇಲ್ಲಿ ಎರಡು ವರ್ಷ ನಿಲ್ಲುವುದು ಕಷ್ಟ.

ಡಿಪ್ಲೊಮಾದ ಬಗ್ಗೆ ನಾಳೆ ಬರೆಯುತ್ತೇನೆ. ಪಾಳಿ ಶುರುವಾಯಿತು.

ಸಂಶಯಾತ್ಮ:

ಬಾಯ್ಲರ್ ಅವರ ಪ್ರಾಮಾಣಿಕತೆ ಮೆಚ್ಚುವಂಥದ್ದು, ಆದರೆ ಅವರು ಹೇಳಿದ್ದು ನನ್ನ ವಾದಕ್ಕೇ ಪುಷ್ಟಿ ಕೊಡುತ್ತದೆ. ಲಾಭ ಬರುವ ಕಡೆ ಪರಿಸರದ ಹೆಸರು, ಲಾಭ ಬಾರದ ಕಡೆ ಮೌನ. ಇನ್ನೊಂದು ಚಮತ್ಕಾರವನ್ನೂ ಗಮನಿಸಿ. ಒಂದು ಕಂಪನಿ ಕಳೆದ ವರ್ಷ 10,000 ಟನ್ ಇಂಗಾಲ ಹೊರಸೂಸಿ 500 ಕೋಟಿ ವಹಿವಾಟು ಮಾಡಿತೆನ್ನಿ. ಕೋಟಿಗೆ 20 ಟನ್, ಇದಕ್ಕೆ ‘ತೀವ್ರತೆ’ ಎಂದು ಹೆಸರು. ಈ ವರ್ಷ 10,500 ಟನ್ ಹೊರಸೂಸಿ 600 ಕೋಟಿ ವಹಿವಾಟು ಮಾಡಿದರೆ ಕೋಟಿಗೆ 17.5 ಟನ್. ಹೊಗೆ ಶೇ. 5ರಷ್ಟು ಹೆಚ್ಚಾಗಿದೆ, ವರದಿಯ ಮುಖಪುಟದಲ್ಲಿ ಮಾತ್ರ ‘ತೀವ್ರತೆಯಲ್ಲಿ ಶೇ. 12.5 ಇಳಿಕೆ’ ಎಂದು ಹಸಿರು ಅಕ್ಷರದಲ್ಲಿ ಬರುತ್ತದೆ. ವಸ್ತುವಿನ ಬೆಲೆ ಏರಿಸಿದರೂ ಸಾಕು, ತೀವ್ರತೆ ಇಳಿಯುತ್ತದೆ! ಕೊಳವೆಬಾವಿಯ ನೋವು ಹೊತ್ತು ಬಂದ ಹುಡುಗಿಯೊಬ್ಬಳು ಇಂಥ ಮುಖಪುಟ ಬರೆಯುವ ಕೆಲಸಕ್ಕೆ ನಾಲ್ಕು ಲಕ್ಷ ಕೊಡಬೇಕೇ?

ಲೆಕ್ಕದ ಮೇಷ್ಟ್ರು:

ನಾನು ಇಂಥ ವರದಿಗಳನ್ನು ಹೊರಗಿನಿಂದ ಪರಿಶೀಲಿಸಿ ಸಹಿ ಹಾಕುವ ಕಡೆಯವನು. ಸಂಶಯಾತ್ಮರ ಲೆಕ್ಕ ಸರಿಯಿದೆ. ಅದೇ ಕಾರಣಕ್ಕೆ ಬಿಆರ್‌ಎಸ್‌ಆರ್ ನಮೂನೆಯಲ್ಲಿ ಒಟ್ಟು ಪ್ರಮಾಣವನ್ನೂ ವಹಿವಾಟಿಗೆ ಹೋಲಿಸಿದ ತೀವ್ರತೆಯನ್ನೂ ಒಂದರ ಕೆಳಗೆ ಒಂದು ಕೇಳಲಾಗುತ್ತದೆ. ಹಿಂದಿನ ವರ್ಷದ ಅಂಕಿಯೂ ಪಕ್ಕದಲ್ಲೇ ಇರಬೇಕು. ಮುಖಪುಟವನ್ನು ನಂಬಬೇಡಿ, ಕೋಷ್ಟಕಕ್ಕೆ ಹೋಗಿ ಎಂದು ನನ್ನ ಕೈಕೆಳಗಿನ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ.

ಪ್ರಶ್ನೆ ಕೇಳಿದವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಇಂಥ ವರದಿ 2012ರಲ್ಲಿ ಮೊದಲ 100 ಕಂಪನಿಗಳಿಗೆ ಬಂತು, ಆಮೇಲೆ 500ಕ್ಕೆ, 1,000ಕ್ಕೆ ವಿಸ್ತರಿಸಿತು. 2021ರ ಮೇ ತಿಂಗಳಲ್ಲಿ ಈಗಿನ ನಮೂನೆ ಬಂದಾಗ ಇಂಗಾಲ, ನೀರು, ತ್ಯಾಜ್ಯ ಮಾತ್ರವಲ್ಲದೆ ಕಾರ್ಮಿಕರ ಅಪಘಾತ, ಕನಿಷ್ಠ ವೇತನ, ಪುರುಷರ ಮತ್ತು ಮಹಿಳೆಯರ ವೇತನ, ಲೈಂಗಿಕ ಕಿರುಕುಳದ ದೂರುಗಳು ಇವೆಲ್ಲವೂ ಅದರೊಳಗಿದ್ದವು. 2023ರ ಜುಲೈಯಲ್ಲಿ ‘ಬಿಆರ್‌ಎಸ್‌ಆರ್ ಕೋರ್’ ಎಂಬ ಆಯ್ದ ಅಂಶಗಳನ್ನು ಹೊರಗಿನವರಿಂದ ಪರಿಶೀಲಿಸಬೇಕೆಂದು ಸೆಬಿ ಹೇಳಿ, 2023-24ರಲ್ಲಿ ಮೊದಲ 150 ಕಂಪನಿಗಳಿಂದ ಆರಂಭಿಸಿ 2026-27ರ ಹೊತ್ತಿಗೆ 1,000ಕ್ಕೆ ತಲುಪುವ ಮೆಟ್ಟಿಲು ಹಾಕಿತು. ನನ್ನಂಥವರ ಊಟ ನಡೆಯುತ್ತಿರುವುದು ಈ ಮೆಟ್ಟಿಲುಗಳಿಂದ. ಸುಂದರವಾಗಿ ಬರೆಯುವವರಿಗಿಂತ, ಅಂಕಿಯ ಮೂಲದವರೆಗೆ ಹೋಗಿ ಕಾಗದ ತೋರಿಸಬಲ್ಲವರಿಗೆ ಬೆಲೆ ಬಂದದ್ದೂ ಆಮೇಲೆಯೇ.

ಈ ಕೆಲಸದಲ್ಲಿ ತಲೆಗೆ ಹಿಡಿಸುವ ಸೂಕ್ಷ್ಮಗಳಿವೆ, ಅದನ್ನು ಯಾರೂ ಹೇಳುವುದಿಲ್ಲ. ಬಾಡಿಗೆ ಕಟ್ಟಡದಲ್ಲಿರುವ ಒಂದು ಕಚೇರಿಯನ್ನು ತೆಗೆದುಕೊಳ್ಳಿ. ಕರೆಂಟು ಹೋದಾಗ ಮಾಲೀಕನ ಜನರೇಟರ್ ಓಡುತ್ತದೆ, ಅದರ ಖರ್ಚು ನಿರ್ವಹಣಾ ಶುಲ್ಕದೊಳಗೆ ಸೇರಿಹೋಗಿರುತ್ತದೆ. ಆ ಡೀಸೆಲ್ಲಿನ ಹೊಗೆ ಯಾರ ಲೆಕ್ಕಕ್ಕೆ? ಜನರೇಟರ್ ನಿಮ್ಮ ಹಿಡಿತದಲ್ಲಿದ್ದರೆ ಅದು ನಿಮ್ಮ ನೇರ ಹೊರಸೂಸುವಿಕೆ, ಅಂದರೆ ಸ್ಕೋಪ್ 1. ಮಾಲೀಕನದಾಗಿದ್ದು ನೀವು ವಿದ್ಯುತ್ತನ್ನಷ್ಟೇ ಕೊಳ್ಳುತ್ತಿದ್ದರೆ ಅದು ನಿಮಗೆ ಸ್ಕೋಪ್ 2. ಉದ್ಯೋಗಿಗಳ ಓಡಾಟ, ಕೊಂಡ ಸರಕು, ಮಾರಿದ ವಸ್ತುವಿನ ಬಳಕೆ ಇವೆಲ್ಲ ಸ್ಕೋಪ್ 3ರ 15 ವರ್ಗಗಳೊಳಗೆ ಬರುತ್ತವೆ, ಅಲ್ಲಿ ಅಂದಾಜಿನ ಪಾಲು ಅಳತೆಗಿಂತ ದೊಡ್ಡದು. ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರ ಕೊಂಡರೆ ಸ್ಕೋಪ್ 2ರಲ್ಲಿ ಕೊಂಡ ವಿದ್ಯುತ್ತಿನ ಮೂಲ ನೋಡಿ ಹಾಕಿದ ಒಂದು ಅಂಕಿ ಇಳಿಯುತ್ತದೆ, ಗ್ರಿಡ್ಡಿನ ಸರಾಸರಿಯ ಮೇಲೆ ಲೆಕ್ಕ ಹಾಕಿದ ಇನ್ನೊಂದು ಅಂಕಿ ಇಳಿಯುವುದಿಲ್ಲ. ಹಸಿರುಮನೆ ಅನಿಲಗಳ ಲೆಕ್ಕಕ್ಕಿರುವ 2015ರ ಜಿಎಚ್‌ಜಿ ಪ್ರೋಟೋಕಾಲ್ ಮಾರ್ಗಸೂಚಿ ಎರಡನ್ನೂ ತೋರಿಸಬೇಕೆನ್ನುತ್ತದೆ. ಎರಡನೆಯದನ್ನು ಅಡಿಟಿಪ್ಪಣಿಗೆ ತಳ್ಳುವ ಕಂಪನಿಯನ್ನು ಕಂಡರೆ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದುತ್ತೇನೆ.

ಒತ್ತಡವೂ ಇದೆ. ಒಂದು ಕಂಪನಿಯಲ್ಲಿ ಹೊರಸೂಸುವಿಕೆ ಗುರಿ ಮೀರಿದಾಗ, ಹೋಲಿಕೆಯ ಆಧಾರ ವರ್ಷವನ್ನೇ ಬದಲಿಸಿಬಿಡೋಣ ಎಂದು ಅಲ್ಲಿನ ಮೇಲಿನವರು ಹೇಳಿದರು. ಕಂಪನಿಯ ಒಂದು ಭಾಗ ಮಾರಾಟವಾದರೆ, ಲೆಕ್ಕದ ವಿಧಾನ ಬದಲಾದರೆ, ಹಳೆಯ ಲೆಕ್ಕದಲ್ಲಿ ದೊಡ್ಡ ತಪ್ಪು ಸಿಕ್ಕಿದರೆ ಆಧಾರ ವರ್ಷವನ್ನು ಮತ್ತೆ ಲೆಕ್ಕಿಸಬಹುದು. ಅಂಕಿ ಇಷ್ಟವಾಗಲಿಲ್ಲವೆಂದು ಬದಲಿಸಲಾಗದು. ಅಲ್ಲಿನ ಸುಸ್ಥಿರತಾ ವಿಭಾಗದ ಕಿರಿಯ ಉದ್ಯೋಗಿಯೊಬ್ಬಳು ಸಭೆಯಲ್ಲಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ, ‘ಇದಕ್ಕೆ ಕಾರಣವೆಂದು ಏನು ಬರೆಯೋಣ ಸರ್?’ ಎಂದು ಕೇಳಿದಳು. ಯಾರೂ ಉತ್ತರಿಸಲಿಲ್ಲ, ಆಧಾರ ವರ್ಷ ಹಾಗೆಯೇ ಉಳಿಯಿತು. ಆ ಪ್ರಶ್ನೆ ಕೇಳುವುದಕ್ಕೂ ಒಬ್ಬರು ಅಲ್ಲಿ ಕೂತಿರಬೇಕಾಗುತ್ತದೆ, ಸಂಶಯಾತ್ಮರೇ.

ಮಲಪ್ರಭೆ:

ನಡುವೆ ಒಂದು ಗೊಂದಲ ಬಿಡಿಸುತ್ತೇನೆ, ಏಕೆಂದರೆ ಅನೇಕರು ಸುಸ್ಥಿರತೆಯೆಂದು ತಿಳಿದು ಸಿಎಸ್‌ಆರ್ ವಿಭಾಗಕ್ಕೆ ಅರ್ಜಿ ಹಾಕುತ್ತಾರೆ. ಸಿಎಸ್‌ಆರ್ ಎಂದರೆ 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡುವುದು. ಕಂಪನಿಯ ಸ್ವಂತ ವ್ಯವಹಾರದ ಭಾಗವಾಗಿ ಮಾಡಿದ್ದು ಅದಕ್ಕೆ ಸೇರುವುದಿಲ್ಲ. ಅಂದರೆ ಬಾಯ್ಲರ್ ಅವರ ಬಿಸಿನೀರಿನ ಪೈಪು ಸಿಎಸ್‌ಆರ್ ಅಲ್ಲ, ಪಕ್ಕದ ಊರಿನ ಕೆರೆಯ ಹೂಳೆತ್ತಿಸಿದರೆ ಅದು ಸಿಎಸ್‌ಆರ್.

ನಾನು ಧಾರವಾಡದ ಕಡೆಯ ಸಂಸ್ಥೆಯೊಂದರಲ್ಲಿ ಆ ಹಣದಿಂದ ಕೆಲಸ ಮಾಡಿದವಳು. ಆಡಳಿತ ವೆಚ್ಚ ಒಟ್ಟು ಸಿಎಸ್‌ಆರ್ ವೆಚ್ಚದ ಶೇ. 5 ಮೀರಬಾರದೆಂಬ ನಿಯಮ ಕಂಪನಿಗೆ ಇರುವುದರಿಂದ, ಆ ವಿಭಾಗದಲ್ಲಿ ಇಬ್ಬರು ಮೂವರು ಮಾತ್ರ ಇರುತ್ತಾರೆ, ಓಡಾಟವೆಲ್ಲ ನಮ್ಮಂಥ ಸಂಸ್ಥೆಗಳ ಪಾಲಿಗೆ. ಜನವರಿಯವರೆಗೆ ಸುಮ್ಮನಿದ್ದ ಕಂಪನಿ ಮಾರ್ಚ್ ಒಳಗೆ ಖರ್ಚು ತೋರಿಸಿ ಎಂದು ಬೆನ್ನು ಹತ್ತುತ್ತದೆ. ಕೆರೆಯ ಹೂಳು ಆರ್ಥಿಕ ವರ್ಷ ನೋಡಿ ಒಣಗುತ್ತದೆಯೇ? ಆದರೂ ತಿಪಟೂರಿನ ಸೋದರಿಗೆ ಒಂದು ಮಾತು: ನಿಮಗೆ ನೀರಿನ ಹತ್ತಿರ ಇರಬೇಕೆಂದಿದ್ದರೆ ಸುಸ್ಥಿರತಾ ವಿಭಾಗಕ್ಕಿಂತ ಈ ಕಡೆಯೇ ಹತ್ತಿರ. ಸಂಬಳ ಮಾತ್ರ ನೀವು ಹೇಳಿದ ‘ಸ್ವಲ್ಪ ಕಡಿಮೆ’ಯಲ್ಲಿ ನಿಲ್ಲುವುದಿಲ್ಲ; ನಿಮ್ಮ ಸಾಲದ ಕಂತು ಮುಗಿಯುವವರೆಗೆ ಈ ಕಡೆ ಬನ್ನಿ ಎಂದು ನಾನು ಹೇಳಲಾರೆ.

ರೈನ್ ದಂಡೆಯವನು:

ಜರ್ಮನಿಯಿಂದ ಬರೆಯುತ್ತಿದ್ದೇನೆ, ಮೂಲ ದಾವಣಗೆರೆ. ಇಲ್ಲಿ ಯಂತ್ರೋಪಕರಣ ತಯಾರಿಸುವ ಕಂಪನಿಯೊಂದರಲ್ಲಿ ಪೂರೈಕೆದಾರರ ಸುಸ್ಥಿರತೆ ನೋಡಿಕೊಳ್ಳುತ್ತೇನೆ. ಈ ಕೆಲಸದ ಭದ್ರತೆ ಕಾನೂನಿನ ಹವಾಮಾನಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂಬುದನ್ನು ಯಾರೂ ಹೇಳದಿರುವುದರಿಂದ ನಾನು ಹೇಳುತ್ತೇನೆ. ಐರೋಪ್ಯ ಒಕ್ಕೂಟದ ಸುಸ್ಥಿರತಾ ವರದಿಯ ಕಾನೂನು, ಸಿಎಸ್‌ಆರ್‌ಡಿ, 2023ರ ಜನವರಿಯಲ್ಲಿ ಜಾರಿಗೆ ಬಂದಾಗ ನಮ್ಮ ವಿಭಾಗಕ್ಕೆ ಒಂದೇ ವರ್ಷದಲ್ಲಿ ನಾಲ್ಕು ಜನರನ್ನು ತೆಗೆದುಕೊಂಡರು. 2025ರ ಫೆಬ್ರುವರಿಯಲ್ಲಿ ಐರೋಪ್ಯ ಆಯೋಗ ಅದನ್ನು ಸಡಿಲಿಸುವ ‘ಓಮ್ನಿಬಸ್’ ಪ್ರಸ್ತಾವ ಮುಂದಿಟ್ಟಿತು, ಏಪ್ರಿಲ್‌ನಲ್ಲಿ ಇನ್ನೂ ವರದಿ ಆರಂಭಿಸದ ಕಂಪನಿಗಳಿಗೆ ಎರಡು ವರ್ಷದ ಮುಂದೂಡಿಕೆ ಸಿಕ್ಕಿತು. ನಮ್ಮಲ್ಲಿ ಇಬ್ಬರ ಒಪ್ಪಂದ ನವೀಕರಣವಾಗಲಿಲ್ಲ. ಉಳಿದುಕೊಂಡವರು ಯಾರು ಎಂದರೆ, ಉಕ್ಕಿನ ಪೂರೈಕೆಯ ಲೆಕ್ಕ ಗೊತ್ತಿದ್ದವರು, ಖರೀದಿ ವಿಭಾಗದ ಭಾಷೆ ಗೊತ್ತಿದ್ದವರು. ವರದಿಯ ಚೌಕಟ್ಟನ್ನು ಮಾತ್ರ ಓದಿಕೊಂಡು ಬಂದವರು ಅಲ್ಲ.

ಕರ್ನಾಟಕಕ್ಕೆ ಇದರ ನಂಟು ನೇರವಾಗಿದೆ. ಕಬ್ಬಿಣ ಮತ್ತು ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರ, ಜಲಜನಕ, ವಿದ್ಯುತ್ತು ಇವುಗಳನ್ನು ಐರೋಪ್ಯ ಒಕ್ಕೂಟಕ್ಕೆ ತರುವಾಗ ಅವುಗಳ ತಯಾರಿಕೆಯಲ್ಲಾದ ಇಂಗಾಲದ ಲೆಕ್ಕ ಕೊಡಬೇಕೆಂಬ ಸಿಬಿಎಎಂ ನಿಯಮ 2023ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2026ರ ಜನವರಿಯಿಂದ ಹಣ ತೆರುವ ಹಂತಕ್ಕೆ ಬಂದಿದೆ. ಬೋಲ್ಟು, ನಟ್ಟು ಸಹ ಆ ಪಟ್ಟಿಯಲ್ಲಿವೆ. ಬಳ್ಳಾರಿಯ ಕಡೆಯ ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಇದನ್ನು ನಿಭಾಯಿಸಲು ಜನರಿದ್ದಾರೆ. ಬೋಲ್ಟು ಮಾಡಿ ರಫ್ತು ಮಾಡುವ ನಲವತ್ತು ಜನರ ಸಣ್ಣ ಘಟಕದವರಿಗೆ ನಾನು ಪ್ರಶ್ನಾವಳಿ ಕಳಿಸಿದರೆ ‘ಸರ್, ಇದರಲ್ಲಿ ಏನು ತುಂಬಬೇಕು?’ ಎಂದು ಮಾಲೀಕರೇ ಫೋನು ಮಾಡುತ್ತಾರೆ. ನಿಜವಾದ ಕೊರತೆ ಇರುವುದು ಅಲ್ಲಿ, ಆದರೆ ಅವರಿಗೆ ಪೂರ್ಣಕಾಲದ ನೌಕರನನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ.

ಪೀಣ್ಯದ ಬಾಯ್ಲರ್:

ಡಿಪ್ಲೊಮಾದ ಬಗ್ಗೆ ಬಾಕಿ ಇತ್ತು. ನಮ್ಮಲ್ಲಿ ಕಳೆದ ಸಲ ಸಂದರ್ಶನಕ್ಕೆ ಬಂದ ಒಂಬತ್ತು ಜನರಲ್ಲಿ ಏಳು ಮಂದಿಯ ಕೈಯಲ್ಲಿ ಇಂಥ ಪ್ರಮಾಣಪತ್ರ ಇತ್ತು. ನಾನು ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ: ತಿಂಗಳಿಗೆ ಒಂದು ಲಕ್ಷ ಯೂನಿಟ್ ವಿದ್ಯುತ್ತನ್ನು ಗ್ರಿಡ್ಡಿನಿಂದ ಕೊಂಡರೆ ಅದರಿಂದಾಗುವ ಇಂಗಾಲದ ಡೈ ಆಕ್ಸೈಡ್ ಅಂದಾಜು ಎಷ್ಟು? ಕೇಂದ್ರ ವಿದ್ಯುತ್ ಪ್ರಾಧಿಕಾರದ ದತ್ತಾಂಶದಂತೆ ಯೂನಿಟ್ಟಿಗೆ ಸುಮಾರು 0.7 ಕಿಲೋ, ಹಾಗಾಗಿ ಸುಮಾರು 70 ಟನ್. ಇಬ್ಬರು ಮಾತ್ರ ಹೇಳಿದರು. ಉಳಿದವರಿಗೆ ವಿಶ್ವಸಂಸ್ಥೆಯ 17 ಗುರಿಗಳು ಕಂಠಪಾಠವಾಗಿದ್ದವು.

ಎಂಜಿನಿಯರಿಂಗ್ ಓದಿದವರಿಗೆ ಇಂಧನ ದಕ್ಷತಾ ಬ್ಯೂರೋ ನಡೆಸುವ ಎನರ್ಜಿ ಆಡಿಟರ್ ಪರೀಕ್ಷೆ ಇದೆ, ನಾಲ್ಕು ಪತ್ರಿಕೆಗಳು, ಕೂರಲು ಅನುಭವದ ಷರತ್ತೂ ಇದೆ. ಅದರ ಪಠ್ಯಪುಸ್ತಕಗಳನ್ನು ಪರೀಕ್ಷೆ ಬರೆಯದಿದ್ದರೂ ಓದಬಹುದು, ನಾಲ್ಕು ಲಕ್ಷಕ್ಕಿಂತ ಹೆಚ್ಚಿನ ವಿದ್ಯೆ ಅದರಲ್ಲಿದೆ.

ಕಲ್ಪತರು ನಾಡಿನವಳು:

ಎಲ್ಲರಿಗೂ ಕೃತಜ್ಞತೆಗಳು. ಓದುತ್ತ ಓದುತ್ತ ನನಗೆ ಬೇಕಾದದ್ದು ನೀರೋ ಲೆಕ್ಕವೋ ಎಂಬುದೇ ತಿಳಿಯದಾಗಿದೆ. ನಾನು ಕಂಪ್ಯೂಟರ್ ಸೈನ್ಸ್ ಓದಿದವಳು, ಬಾಯ್ಲರನ್ನು ಹತ್ತಿರದಿಂದ ನೋಡಿಯೂ ಇಲ್ಲ. ನನ್ನಂಥವರಿಗೆ ಬಾಗಿಲು ಎಲ್ಲಿದೆ?

ಲೆಕ್ಕದ ಮೇಷ್ಟ್ರು:

ಆರು ವರ್ಷ ಬೇರೆಯವರ ತಪ್ಪು ಹುಡುಕಿದ್ದೀರಲ್ಲ, ಅದೇ ಬಾಗಿಲು. ಐವತ್ತು ಶಾಖೆಗಳಿಂದ ಬರುವ ಎಕ್ಸೆಲ್ ಹಾಳೆಗಳಲ್ಲಿ ಒಂದು ಶಾಖೆ ಲೀಟರ್ ಬರೆದಿರುತ್ತದೆ, ಇನ್ನೊಂದು ಕಿಲೋಲೀಟರ್ ಬರೆದಿರುತ್ತದೆ, ಮೂರನೆಯದು ರೂಪಾಯಿ ಬರೆದಿರುತ್ತದೆ. ಇದನ್ನು ಹಿಡಿಯುವ ತಂತ್ರಾಂಶಗಳನ್ನು ಕಟ್ಟುವ, ಪರೀಕ್ಷಿಸುವ ತಂಡಗಳು ಬೆಂಗಳೂರಿನಲ್ಲೇ ಇವೆ. ಅಲ್ಲಿಗೆ ಹೋದರೆ ನಿಮ್ಮ ಅನುಭವ ಲೆಕ್ಕಕ್ಕೆ ಬರುತ್ತದೆ, ಹೊಸಬಳಾಗಿ ಶುರುಮಾಡಬೇಕಾಗುವುದಿಲ್ಲ.

ಪೀಣ್ಯದ ಬಾಯ್ಲರ್:

ಅದಕ್ಕೂ ಮೊದಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮ ಕಚೇರಿಯ ಕಟ್ಟಡದ ನಿರ್ವಹಣೆ ನೋಡಿಕೊಳ್ಳುವವರ ಹತ್ತಿರ ಹೋಗಿ, ಮೂರು ತಿಂಗಳ ಜನರೇಟರ್ ಪುಸ್ತಕ ಮತ್ತು ಡೀಸೆಲ್ ಬಿಲ್ಲು ಕೇಳಿ. ಲೀಟರಿಗೆ ಸುಮಾರು ಮೂರರಿಂದ ಮೂರೂವರೆ ಯೂನಿಟ್ ಬರಬೇಕು, ಒಂದು ಲೀಟರ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್. ಕೊಂಡ ಡೀಸೆಲ್ಲಿಗೂ ಪುಸ್ತಕದ ಯೂನಿಟ್ಟಿಗೂ ತಾಳೆ ಹಾಕಿ ನೋಡಿ. ಆ ಕೆಲಸ ನಿಮಗೆ ಬೇಸರ ತಂದರೆ ಕೋರ್ಸಿಗೆ ಹಣ ಕಟ್ಟಬೇಡಿ.

ಕಲ್ಪತರು ನಾಡಿನವಳು:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲ ವಾರ ಪುಸ್ತಕ ಕೊಡಲಿಲ್ಲ, ‘ನಿಮಗ್ಯಾಕೆ ಮೇಡಂ ಅದು’ ಎಂದರು. ಎರಡನೆಯ ವಾರ ನೆಲಮಾಳಿಗೆಗೆ ಹೋಗಿ ಜನರೇಟರ್ ನೋಡಿಕೊಳ್ಳುವವರ ಜೊತೆ ಚಹಾ ಕುಡಿದೆ. ಅವರು ಶಿರಾದವರು, ಊರಿನ ಮಾತು ಬಂದ ಮೇಲೆ ಪುಸ್ತಕವೂ ಬಂತು. ಎರಡು ತಿಂಗಳ ಲೆಕ್ಕ ಲೀಟರಿಗೆ 3.2 ಯೂನಿಟ್ಟಿನಂತೆ ಸರಿಯಾಗಿ ಕೂತಿತು. ಮೂರನೆಯ ತಿಂಗಳು 2.1 ಬಂದಾಗ ಕಳ್ಳತನವಿರಬೇಕೆಂದು ನನ್ನ ಎದೆ ಹೊಡೆದುಕೊಂಡಿತು. ವಿಚಾರಿಸಿದರೆ ಆ ತಿಂಗಳ ಕೊನೆಯ ದಿನ ಟ್ಯಾಂಕು ತುಂಬಿಸಿದ್ದರು. ಆರಂಭದ ಮತ್ತು ಕೊನೆಯ ದಾಸ್ತಾನನ್ನು ನಾನು ಹಿಡಿದಿರಲಿಲ್ಲ, ಕೊಂಡದ್ದನ್ನೆಲ್ಲ ಉರಿದದ್ದೆಂದು ಎಣಿಸಿದ್ದೆ. ಅದನ್ನು ಕಳೆದ ಮೇಲೆ 3.1 ಬಂತು.

ರಾತ್ರಿ ಹನ್ನೊಂದರವರೆಗೆ ಆ ಹಾಳೆಯ ಮುಂದೆ ಕೂತಿದ್ದೆ, ಬೇಸರವಾಗಲಿಲ್ಲ. ಡಿಪ್ಲೊಮಾದವರಿಗೆ ಈ ವರ್ಷ ಸೇರುವುದಿಲ್ಲವೆಂದು ತಿಳಿಸಿದ್ದೇನೆ. ಬಾಯ್ಲರ್ ಅವರೇ, ನಮ್ಮ ಕಟ್ಟಡಕ್ಕೆ ದಿನಕ್ಕೆ ಬರುವ ನೀರಿನ ಟ್ಯಾಂಕರುಗಳ ಚೀಟಿಯಲ್ಲೂ ‘ಒಂದು ಲೋಡು’ ಎಂದೇ ಇದೆ. ಅದನ್ನು ಅಳೆಯಲು ಸಂಪಿನ ಮಟ್ಟ ನೋಡುವುದು ಸರಿಯೇ, ಅಥವಾ ಪೈಪಿಗೆ ಮೀಟರು ಹಾಕಿಸಿ ಎಂದು ಕೇಳಬೇಕೇ?

ಪೀಣ್ಯದ ಬಾಯ್ಲರ್:

ಮೀಟರು ಕೇಳಿ. ಕೊಡುವವರೆಗೆ ಸಂಪಿನ ಉದ್ದ, ಅಗಲ ಅಳೆದಿಟ್ಟುಕೊಂಡು, ಟ್ಯಾಂಕರ್ ಖಾಲಿಯಾಗುವ ಮುಂಚೆ ಮತ್ತು ನಂತರ ಕೋಲು ಇಳಿಸಿ ನೋಡಿ. ಆ ಹೊತ್ತಿನಲ್ಲಿ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟರು ನಿಂತಿರಬೇಕು, ಇಲ್ಲವಾದರೆ ಲೆಕ್ಕ ತಪ್ಪುತ್ತದೆ.